ಕಾಫಿ ಬಿಟ್ಟ ಗೆಳೆಯನಿಗೆ

ಮಗಾ,

ಹೋದ ಭಾನುವಾರ ನಿಮ್ಮನೆ ಜಗಲಿ ಮೇಲೆ ಅವ್ವ ಎರಡು ಲೋಟ ಕಾಫಿ ತಂದಿಟ್ಟಾಗ ನೀನು ‘ನಾನು ಬಿಟ್ಟಿದ್ದೀನವ್ವ, ಪರಿಸರಕ್ಕೆ ಒಳ್ಳೇದು’ ಅಂತ ಲೋಟ ಸರಿಸಿದೆಯಲ್ಲ, ಅದು ನನ್ನ ತಲೆಯಿಂದ ಹೋಗುತ್ತಲೇ ಇಲ್ಲ. ಅವ್ವನ ಮುಂದೆ ವಾದ ಬೇಡ ಅಂತ ಸುಮ್ನಿದ್ದೆ. ಈಗ ಬರೆಯುತ್ತಿದ್ದೇನೆ. ಇದೇ ಗೊಂದಲ ಬೇರೆಯವರಿಗೂ ಇರುತ್ತದೆ, ಅದಕ್ಕೆ ಎಲ್ಲರೂ ಓದಲಿ ಅಂತ ಇಲ್ಲಿ ಹಾಕಿದ್ದೇನೆ.

ನಿನ್ನ ಕಾಳಜಿ ನಿಜವಾದದ್ದು, ಅದರಲ್ಲಿ ನನಗೆ ಅನುಮಾನವೇ ಇಲ್ಲ. ಆದರೆ ಒಂದು ಸಲ ಕೂತು ಲೆಕ್ಕ ಹಾಕೋಣ.

ಕಾಫಿಯಲ್ಲಿ ಜಾಸ್ತಿ ಭಾರ ಹಾಲಿನದು. ದನ ಮೆಲುಕು ಹಾಕುವಾಗ ಮೀಥೇನ್ ಬಿಡುತ್ತದೆ. ನೂರು ವರ್ಷದ ಲೆಕ್ಕದಲ್ಲಿ ಅದು ಕಾರ್ಬನ್ ಡೈಆಕ್ಸೈಡ್‌ಗಿಂತ ಸುಮಾರು 28 ಪಟ್ಟು ಬಿಸಿ ಹಿಡಿಯುತ್ತದೆ. ಲೀಟರ್ ಹಾಲಿಗೆ 3 ಕೆಜಿ ಕಾರ್ಬನ್ ಡೈಆಕ್ಸೈಡಿಗೆ ಸಮ ಅಂತ ಧಾರಾಳವಾಗಿಯೇ ಹಿಡಿ. ನಿನ್ನ ಸಂಜೆ ಲೋಟಕ್ಕೆ 100 ಮಿಲೀ ಹಾಲು, ತಿಂಗಳಿಗೆ 3 ಲೀಟರ್, ಅಂದರೆ 9 ಕೆಜಿ. ಈಗ ನಿನ್ನ ಕಾರು. ಮಂಡ್ಯದಿಂದ ಮೈಸೂರಿಗೆ ಹೋಗಿ ಬರಲು ದಿನಕ್ಕೆ 90 ಕಿಲೋಮೀಟರ್, ಲೀಟರಿಗೆ 16 ಕೊಟ್ಟರೂ ಐದೂವರೆ ಲೀಟರ್ ಪೆಟ್ರೋಲ್. ಒಂದು ಲೀಟರ್ ಪೆಟ್ರೋಲ್ ಉರಿದರೆ ಸುಮಾರು 2.3 ಕೆಜಿ ಕಾರ್ಬನ್ ಡೈಆಕ್ಸೈಡ್ ಬರುತ್ತದೆ, ಹಾಗಾಗಿ ಒಂದೇ ದಿನಕ್ಕೆ 12-13 ಕೆಜಿ. ಪುಡಿ, ಗ್ಯಾಸು ಎಲ್ಲ ಸೇರಿಸಿದರೂ ನೀನು ತಿಂಗಳೆಲ್ಲ ಬಾಯಿ ಕಟ್ಟಿ ಉಳಿಸಿದ್ದು ಒಂದೆರಡು ದಿನದ ಓಡಾಟಕ್ಕೆ ಸಮ. ಅದೂ ಒಬ್ಬನೇ ಕೂತು, ಯಾವ ಖುಷಿಯೂ ಇಲ್ಲದ ಓಡಾಟ.

ಇನ್ನೊಂದು ಮಾತು. ಹಾಲು ನಿಮ್ಮ ಕೊಟ್ಟಿಗೆಯ ಹಸುವಿನದೇ. ನೀನು ಬಿಟ್ಟ ಹಾಲು ಡೇರಿಗೆ ಹೋಗುತ್ತದೆ. ಹಸು ಮಾತ್ರ ಅಷ್ಟೇ ಮೇವು ತಿಂದು ಅಷ್ಟೇ ಮೆಲುಕು ಹಾಕುತ್ತದೆ.

ಕಾಫಿ ಪುಡಿ ಬಗ್ಗೆಯಂತೂ ನನಗೆ ನಿನಗಿಂತ ಬೇರೆಯದೇ ಅಭಿಪ್ರಾಯ ಇದೆ. ನಮ್ಮ ಕೊಡಗಿನ ಕಾಫಿ ಮರದ ನೆರಳಲ್ಲಿ ಬೆಳೆಯುತ್ತದೆ. ತೋಟ ಅಂದರೆ ಅಲ್ಲಿ ಅರ್ಧ ಕಾಡೇ, ಮೆಣಸಿನ ಬಳ್ಳಿ ಹಬ್ಬಿದ ದೊಡ್ಡ ದೊಡ್ಡ ಮರಗಳು, ಹಕ್ಕಿಗಳು, ಕಾಲಿಟ್ಟರೆ ಮೆತ್ತಗೆ ಕುಸಿಯುವ ತರಗೆಲೆ. ಆ ಮರಗಳ ಬುಡದಲ್ಲಿ ಇಂಗಿದ ಮಳೆಯೇ ಕಾವೇರಿಗೆ ಇಳಿದು ಕೆಆರ್‌ಎಸ್‌ಗೆ ಬರುತ್ತದೆ, ವಿಸಿ ನಾಲೆಯಲ್ಲಿ ನಿಮ್ಮ ಗದ್ದೆಗೂ ಬರುತ್ತದೆ. ಕಾಫಿಗೆ ಬೆಲೆ ಬಿದ್ದರೆ ಬೆಳೆಗಾರ ಏನು ಮಾಡುತ್ತಾನೆ ಹೇಳು? ಮರ ಮಾರುತ್ತಾನೆ, ಇಲ್ಲಾ ಜಾಗವನ್ನೇ ಮಾರುತ್ತಾನೆ. ಆ ಜಾಗದಲ್ಲಿ ರೆಸಾರ್ಟ್ ಎದ್ದರೆ ಯಾರಿಗೆ ಒಳ್ಳೆಯದು? ನೆರಳಿನ ಕಾಫಿ ಕುಡಿಯುವುದು ಕಾವೇರಿಗೆ ಬಗೆದ ದ್ರೋಹ ಅಂತ ನನಗೆ ಅನ್ನಿಸುವುದಿಲ್ಲ.

‘ಚಿಕ್ಕದರಿಂದ ಶುರು ಮಾಡಿದರೆ ದೊಡ್ಡದಕ್ಕೆ ಮನಸ್ಸು ಬರುತ್ತದೆ’ ಅಂತ ನೀನು ಹೇಳುತ್ತೀಯ. ಕೆಲವರಿಗೆ ಬರಬಹುದು. ನನಗೆ ಬರಲಿಲ್ಲ. ಎರಡು ವರ್ಷದ ಹಿಂದೆ ಬೇಸಿಗೆಯಲ್ಲಿ ನಾನೂ ಫ್ಯಾನ್ ಹಾಕದೆ ಮಲಗುತ್ತಿದ್ದೆ, ನೆನಪಿದೆಯಾ? ರಾತ್ರಿಯಿಡೀ ಫ್ಯಾನ್ ತಿರುಗಿದರೆ ಅರ್ಧ ಯೂನಿಟ್ಟಿಗಿಂತ ಸ್ವಲ್ಪ ಜಾಸ್ತಿ, ಅಷ್ಟೇ. ಬೆಳಗಾದರೆ ನಮ್ಮ ಮನೆಯ 2000 ವಾಟ್ ಗೀಸರ್ ನಾಲ್ಕು ಜನರ ಸ್ನಾನಕ್ಕೆ ಒಂದೂವರೆ ಗಂಟೆ ಕಾಯುತ್ತಿತ್ತು, ಅಂದರೆ 3 ಯೂನಿಟ್. ನಿದ್ದೆಗೆಟ್ಟು ಉಳಿಸಿದ ಐದು ರಾತ್ರಿ ಒಂದು ಬೆಳಿಗ್ಗೆಗೆ ಹೋಗುತ್ತಿತ್ತು. ಆದರೂ ನಾನು ಏನೋ ಮಾಡುತ್ತಿದ್ದೇನೆ ಅನ್ನುವ ಸಮಾಧಾನ ಇತ್ತಲ್ಲ, ಆ ಸಮಾಧಾನದಲ್ಲೇ ಗೀಸರ್ ಕಡೆ ಕಣ್ಣು ಹಾಯಲಿಲ್ಲ. ಕೊನೆಗೆ ಮಾಳಿಗೆ ಮೇಲೆ ಸೋಲಾರ್ ವಾಟರ್ ಹೀಟರ್ ಹಾಕಿಸಿದೆ. ಮೈಸೂರಿನ ಬಿಸಿಲಿಗೆ ವರ್ಷದಲ್ಲಿ ಹೆಚ್ಚಿನ ದಿನ ಕರೆಂಟೇ ಬೇಕಾಗಿಲ್ಲ. ಈಗ ಫ್ಯಾನ್ ಹಾಕಿಕೊಂಡೇ ಮಲಗುತ್ತೇನೆ.

ನಿನ್ನ ಕೈಯಲ್ಲಿ ನನ್ನ ಕೈಯಲ್ಲಿ ಇರುವುದಕ್ಕಿಂತ ಜಾಸ್ತಿ ಇದೆ, ಅದನ್ನು ನೋಡು ಅಂತಲೇ ಇಷ್ಟೆಲ್ಲ ಬರೆಯುತ್ತಿರುವುದು. ಕಬ್ಬು ಕಡಿದ ಮೇಲೆ ಎಕರೆಗೆ ಮೂರು ನಾಲ್ಕು ಟನ್ ತರಗು ಬೀಳುತ್ತದೆ, ನಿಮ್ಮ ಊರಲ್ಲಿ ಇನ್ನೂ ಎಷ್ಟು ಜನ ಬೆಂಕಿ ಹಾಕುತ್ತಾರೆ! ಹೋದ ವರ್ಷ ನಾನು ಬಂದಾಗ ಇಡೀ ಸಂಜೆ ಹೊಗೆ, ಅವ್ವನಿಗೆ ಕೆಮ್ಮು. ಅದನ್ನು ಸುಡದೆ ಸಾಲಿನ ಮಧ್ಯೆ ಹರಡಿದರೆ, ಕಡಿದ ಬುಡದಿಂದ ಮತ್ತೆ ಚಿಗುರುವ ಕೂಳೆ ಬೆಳೆಗೆ ತೇವ ನಿಲ್ಲುತ್ತದೆ, ಕಳೆ ಕಡಿಮೆ, ಕೊಳೆತು ಗೊಬ್ಬರವೂ ಆಗುತ್ತದೆ. ನೀನು ಮಾಡಿದರೆ ಪಕ್ಕದ ಜಮೀನಿನವರು ನೋಡುತ್ತಾರೆ. ಭತ್ತದ ಗದ್ದೆಯೂ ಹಾಗೇ. ಸದಾ ನೀರು ನಿಲ್ಲಿಸಿದರೆ ಮಣ್ಣಿಗೆ ಗಾಳಿ ಸಿಗದೆ ಮೀಥೇನ್ ಹುಟ್ಟುತ್ತದೆ. ನಡುನಡುವೆ ನೀರು ನಿಲ್ಲಿಸದೆ ಗದ್ದೆ ಆರಲು ಬಿಟ್ಟರೆ ಅದು ಎಷ್ಟೋ ಕಡಿಮೆಯಾಗುತ್ತದೆ, ನೀರೂ ಉಳಿಯುತ್ತದೆ. ನಾಲೆ ನೀರು ಬಿಡುವ ಸರದಿ ನೋಡಿಕೊಂಡು ಮಾಡಬೇಕು, ಸುಲಭವಿಲ್ಲ, ಗೊತ್ತು.

ಹಾಗಂತ ಬಿಡುವುದೆಲ್ಲ ದಂಡ ಅಂತ ಅಲ್ಲ. ಮದುವೆ ಮನೆಯ ಪ್ಲಾಸ್ಟಿಕ್ ಲೋಟ, ಎಲೆ ತುಂಬ ಬಡಿಸಿಕೊಂಡು ಎಸೆಯುವ ಅನ್ನ, ಇವನ್ನು ಬಿಟ್ಟರೆ ಯಾರ ಖುಷಿಯೂ ಹೋಗುವುದಿಲ್ಲ.

2025ರ ಏಪ್ರಿಲ್‌ನಲ್ಲಿ ಮೈಸೂರಿನ ಹೈದರಾಲಿ ರಸ್ತೆ ಅಗಲ ಮಾಡಲು 40 ಮರ ಕಡಿದರಲ್ಲ, ಆಗ ನೀನು ಫೋನಲ್ಲಿ ಎಷ್ಟು ನೊಂದುಕೊಂಡೆ. ಆ ನೋವಿನಿಂದಲೇ ಕಾಫಿ ಬಿಟ್ಟೆಯೇನೋ ಅಂತ ನನಗೆ ಈಗ ಅನ್ನಿಸುತ್ತಿದೆ. ನಮ್ಮ ಕೈಲಿ ಏನೂ ಆಗಲಿಲ್ಲ ಅನ್ನುವ ಸಂಕಟಕ್ಕೆ ಏನಾದರೂ ಒಂದನ್ನು ಬಿಡಬೇಕು ಅನ್ನಿಸುತ್ತದೆ. ಆದರೆ ಆ ಮರಗಳಿಗಾಗಿ ಬೀದಿಗೆ ಬಂದವರ ಜೊತೆ ನಾವು ಒಂದು ದಿನವೂ ನಿಲ್ಲಲಿಲ್ಲ. ಮುಂದಿನ ಸಲ ಹಾಗಾಗುವುದು ಬೇಡ, ಇಬ್ಬರೂ ಹೋಗೋಣ.

ರೈಲಿನ ವಿಷಯ. ವಾರಕ್ಕೆ ಎರಡು ದಿನ ಕಾರು ಬಿಟ್ಟು ನೋಡು, ಅಷ್ಟೇ ಕೇಳುತ್ತಿರುವುದು. ಮಂಡ್ಯದಿಂದ ಮೈಸೂರಿಗೆ ಕರೆಂಟ್ ರೈಲೇ ಓಡುತ್ತದೆ. ಸ್ಟೇಷನ್ನಿಂದ ನಿನ್ನ ಆಫೀಸಿಗೆ ಬಸ್ಸಿನದೇ ಕಷ್ಟ ಅಂತಿದ್ದೆ. ಸಿಟಿ ಬಸ್ ಸ್ಟ್ಯಾಂಡಿಗೆ ಹೋಗಿ ಬೆಳಗಿನ ಬಸ್ಸುಗಳ ಟೈಮ್ ಬರೆದುಕೊಂಡು ಬಂದಿದ್ದೇನೆ, ಶನಿವಾರ ತರುತ್ತೇನೆ. ನಾನೂ ರೈಲಿಗೇ ಬರುತ್ತೇನೆ, ಸಂಜೆ ಐದಕ್ಕೆಲ್ಲ ನಿಮ್ಮನೆಯಲ್ಲಿರುತ್ತೇನೆ. ಅವ್ವನಿಗೆ ಎರಡು ಲೋಟಕ್ಕೂ ಡಿಕಾಕ್ಷನ್ ಹಾಕೋಕೆ ಹೇಳು.

ನಿನ್ನ
ಗೆಳೆಯ