ಗೆಳೆಯನಿಗೊಂದು ಪತ್ರ: ಫ್ರಾಂಕ್ ಎನ್ಲಿಯ ತಪ್ಪು

ಪ್ರಿಯ ಗೆಳೆಯ,

ಯುದ್ಧ ಮುಗಿಸಿ ಮನೆಗೆ ಮರಳಿದವರ ಕುರಿತ ಹಾಲಿವುಡ್ಡಿನ ಹಳೆಯ ಚಿತ್ರಗಳಲ್ಲಿ ಒಂದನ್ನು ಮಾತ್ರ ನೋಡುವುದಾದರೆ ಯಾವುದನ್ನು ನೋಡಬೇಕೆಂದು ಕೇಳಿದ್ದೆ. ಫ್ರೆಡ್ ಜಿನ್ನೆಮನ್ ಅವರು 1948ರಲ್ಲಿ ಎಂಜಿಎಂ ಸಂಸ್ಥೆಗಾಗಿ ನಿರ್ದೇಶಿಸಿದ ‘ಆ್ಯಕ್ಟ್ ಆಫ್ ವಯಲೆನ್ಸ್’ ನೋಡು. ಕಥೆಯನ್ನು ಪೂರ್ತಿ ಹೇಳಿಬಿಡುತ್ತೇನೆ. ತಿಳಿದು ನೋಡಿದರೂ ಅದರ ತೀವ್ರತೆ ಕುಗ್ಗುವುದಿಲ್ಲ.

ಫ್ರಾಂಕ್ ಎನ್ಲಿ ಕ್ಯಾಲಿಫೋರ್ನಿಯಾದ ಸಣ್ಣ ಊರೊಂದರಲ್ಲಿ ಮನೆ ಕಟ್ಟಿಸುವ ಗುತ್ತಿಗೆದಾರ. ಊರಿನವರ ಕಣ್ಣಿಗೆ ಯುದ್ಧವೀರ. ಮನೆಯಲ್ಲಿ ಚಿಕ್ಕ ವಯಸ್ಸಿನ ಹೆಂಡತಿ ಈಡಿತ್, ಒಂದು ಕೂಸು. ಅವನನ್ನು ಕೊಲ್ಲಲೆಂದೇ ನ್ಯೂಯಾರ್ಕಿನಿಂದ ಪಿಸ್ತೂಲಿನೊಂದಿಗೆ, ಒಂದು ಕಾಲನ್ನು ಎಳೆದುಕೊಂಡು ಬರುವವನು ಜೋ ಪಾರ್ಕ್ಸನ್. ಅವನು ಬಂದಿಳಿದಾಗ ಬೀದಿಯಲ್ಲಿ ಮಾಜಿ ಯೋಧರ ಮೆರವಣಿಗೆ ಸಾಗುತ್ತಿರುತ್ತದೆ. ಅದೇ ಬೀದಿಯನ್ನು ಅವನು ಕುಂಟುತ್ತ ದಾಟುತ್ತಾನೆ. ಆ ರಾತ್ರಿ ಫ್ರಾಂಕ್ ದೀಪಗಳನ್ನಾರಿಸಿ, ಪರದೆ ಎಳೆದು, ಕತ್ತಲಲ್ಲಿ ಕುಳಿತಿರುವಾಗ ಮನೆಯ ಸುತ್ತ ಆ ಕಾಲನ್ನು ಎಳೆಯುವ ಸದ್ದು ಕೇಳಿಸುತ್ತದೆ.

ಇಬ್ಬರೂ ಜರ್ಮನ್ನರ ಯುದ್ಧಕೈದಿಗಳ ಶಿಬಿರದಲ್ಲಿದ್ದವರು. ಜೊತೆಗಾರರು ಸುರಂಗ ತೋಡಿ ತಪ್ಪಿಸಿಕೊಳ್ಳಲು ಹೊರಟಾಗ, ಹೋದವರೆಲ್ಲ ಸಾಯುತ್ತಾರೆಂದು ಹೆದರಿದ ಫ್ರಾಂಕ್, ಅವರಿಗೆ ಅಪಾಯವಾಗದೆಂಬ ಶಿಬಿರಾಧಿಕಾರಿಯ ಮಾತನ್ನು ನಂಬಿ ಸುಳಿವು ಕೊಟ್ಟ. ಜರ್ಮನ್ನರು ಅವರನ್ನು ಕಾದುಕುಳಿತು ಕೊಂದರು. ಉಳಿದವನು ಜೋ ಒಬ್ಬನೇ.

ಇದನ್ನು ಫ್ರಾಂಕ್ ಈಡಿತ್‌ಳ ಮುಂದೆ ಲಾಸ್ ಏಂಜಲೀಸಿನ ಹೋಟೆಲೊಂದರ ಮೆಟ್ಟಿಲುಗಳ ಮೇಲೆ ಒಪ್ಪಿಕೊಳ್ಳುತ್ತಾನೆ. ನನ್ನ ಮಟ್ಟಿಗೆ ಇಡೀ ಚಿತ್ರ ಈ ದೃಶ್ಯದಲ್ಲಿದೆ. ಜೊತೆಗಾರರ ಜೀವ ಉಳಿಸಲು ಹಾಗೆ ಮಾಡಿದೆನೆಂದು ಆರಂಭಿಸಿದವನು, ಜರ್ಮನ್ನರು ತನಗೆ ಊಟ ಕೊಟ್ಟರೆಂದೂ, ಅವರೆಲ್ಲ ಸತ್ತಿರುವಾಗ ತಾನು ಅದನ್ನು ತಿಂದೆನೆಂದೂ, ಬಹುಶಃ ಅದಕ್ಕಾಗಿಯೇ ಹೇಳಿದ್ದಿರಬಹುದೆಂದೂ ತಾನಾಗಿಯೇ ನುಡಿಯುತ್ತಾನೆ. ಸುಳಿವು ಕೊಟ್ಟದ್ದಕ್ಕಿಂತ, ಏಕೆ ಕೊಟ್ಟೆನೆಂಬುದು ತನಗೇ ತಿಳಿಯದಿರುವುದು ಅವನನ್ನು ಹೆಚ್ಚು ತಿನ್ನುತ್ತಿದೆ. ಫ್ರಾಂಕ್ ಪಾತ್ರದ ವ್ಯಾನ್ ಹೆಫ್ಲಿನ್ ಈ ಮಾತುಗಳನ್ನು ಕಣ್ಣೀರಿನ ನೆರವಿಲ್ಲದೆ ಆಡುತ್ತಾರೆ.

ಶಿಬಿರವನ್ನು ಚಿತ್ರ ಒಮ್ಮೆಯೂ ತೋರಿಸುವುದಿಲ್ಲ ಎಂಬುದನ್ನು ಗಮನಿಸು. ವಿಯೆನ್ನಾದಲ್ಲಿ ಬೆಳೆದ ಯಹೂದಿ ಜಿನ್ನೆಮನ್ ತಮ್ಮ ತಂದೆತಾಯಿಯನ್ನು ನಾಜಿಗಳ ನರಮೇಧದಲ್ಲಿ ಕಳೆದುಕೊಂಡವರು. ಅಂಥ ಜಾಗವೊಂದನ್ನು ಸ್ಟುಡಿಯೋದಲ್ಲಿ ಕಟ್ಟಿ ತೋರಿಸಲು ಅವರಿಗೆ ಮನಸ್ಸಾಗಿರಲಿಕ್ಕಿಲ್ಲವೆಂಬುದು ನನ್ನ ಊಹೆ. ಶಿಬಿರ ಹಿಂತಿರುಗುವುದು ದನಿಯಾಗಿ ಮಾತ್ರ: ಅಪರಾತ್ರಿ ಲಾಸ್ ಏಂಜಲೀಸಿನ ಬಂಕರ್ ಹಿಲ್ ಬಡಾವಣೆಯ ಖಾಲಿ ಬೀದಿಗಳಲ್ಲಿ ಓಡುತ್ತ ರಸ್ತೆಯ ಸುರಂಗದೊಳಗೆ ಬಂದ ಫ್ರಾಂಕ್‌ಗೆ ಹಳೆಯ ದನಿಗಳು ಕೇಳಿಸುತ್ತವೆ, ಬೇಡ ಜೋ, ಹೋಗಬೇಡ ಎಂದು ಅವನು ಕೂಗಿಕೊಳ್ಳುತ್ತಾನೆ. ಛಾಯಾಗ್ರಾಹಕ ರಾಬರ್ಟ್ ಸರ್ಟೀಸ್ ಆ ಬೀದಿಗಳನ್ನು ಚಿತ್ರಿಸಿದ ರೀತಿಯನ್ನು ನಾನು ಎಷ್ಟು ಹೊಗಳಿದರೂ ಸಾಲದು.

ಅಲ್ಲಿಂದಾಚೆ ಬರುವ ಬಾಡಿಗೆ ಕೊಲೆಗಾರನ ಪ್ರಸಂಗ ನನಗೆ ಅಷ್ಟು ಹಿಡಿಸಲಿಲ್ಲ, ಆದರೆ ಬಳಲಿದ ಬೀದಿಯ ಹೆಂಗಸಾಗಿ ಮೇರಿ ಆಸ್ಟರ್ ಅಲ್ಲಿ ಅಪೂರ್ವವಾಗಿ ನಟಿಸಿದ್ದಾರೆ. ಕೊನೆಯಲ್ಲಿ, ಕುಡಿದ ಅಮಲಿನಲ್ಲಿ ತಾನೇ ಒಪ್ಪಿಗೆ ಕೊಟ್ಟಿದ್ದ ಜೋನ ಕೊಲೆಯನ್ನು ತಡೆಯಲು ಫ್ರಾಂಕ್ ಅವನಿಗೆ ಅಡ್ಡ ನಿಂತು ಗುಂಡು ತಿಂದು, ಕೊಲೆಗಾರನ ಕಾರಿಗೆ ಜೋತುಬಿದ್ದು ಸಾಯುತ್ತಾನೆ. ಸಾವು ಇಲ್ಲಿ ಲೆಕ್ಕವನ್ನು ತೀರಾ ಸುಲಭವಾಗಿ ಚುಕ್ತಾ ಮಾಡುತ್ತದೆ ಎಂಬುದು ನನ್ನ ಆಕ್ಷೇಪ. ಅವನು ಬದುಕಿ ಈಡಿತ್‌ಳ ಎದುರು ದಿನವೂ ಊಟಕ್ಕೆ ಕೂರಬೇಕಾಗಿ ಬಂದಿದ್ದರೆ ಚಿತ್ರ ಇನ್ನೂ ಕಠಿಣವಾಗುತ್ತಿತ್ತು.

ಜೋ ಪಾತ್ರದ ರಾಬರ್ಟ್ ರಯಾನ್ ಅವರ ಮುಖವನ್ನು ಎಚ್ಚರದಿಂದ ನೋಡು. ಎಲ್ಲರೂ ಸತ್ತು ತಾನೊಬ್ಬನೇ ಉಳಿದ ಭಾರವನ್ನೂ ಅವನು ಫ್ರಾಂಕ್‌ನ ಮೇಲೆಯೇ ಹೊರಿಸುತ್ತಿದ್ದಾನೆಂದು ನನಗೆ ಅನ್ನಿಸುತ್ತದೆ. ನಿನಗೆ ಏನನ್ನಿಸಿತೆಂದು ಬರೆ.

ನಿನ್ನ ಗೆಳೆಯ