ಮೊಂಜಾ ರೇಸಿನ ತೀರ್ಪುಗಳು ಮತ್ತು ನಿಯಮಪುಸ್ತಕದ ಬಗ್ಗೆ ದೂರು

ಇವರಿಂದ: ಲೀಗಿನ ತುಮಕೂರು ಸದಸ್ಯರು
ಇವರಿಗೆ: ವ್ಯವಸ್ಥಾಪಕರು, ಸಿಮ್ ರೇಸಿಂಗ್ (ಕಂಪ್ಯೂಟರ್ ಆಟದಲ್ಲಿ ಆನ್‌ಲೈನ್ ನಡೆಯುವ ಕಾರ್ ರೇಸ್) ಲೀಗ್
ವಿಷಯ: ಟ್ರ್ಯಾಕ್ ನಡವಳಿಕೆಯ ನಿಯಮ, ಸ್ಟೀವರ್ಡ್ (ರೇಸಿನ ತೀರ್ಪುಗಾರರ) ವಿಚಾರಣೆ ಮತ್ತು ಕರೆಂಟ್ ಹೋದವರಿಗೆ ಹಾಕುವ ದಂಡ

ಮಾನ್ಯರೇ,

ಇಟಲಿಯ ಮೊಂಜಾ ಟ್ರ್ಯಾಕಿನ ರೇಸಿನಲ್ಲಿ ಮೊದಲ ಶಿಕೇನ್‌ನಲ್ಲಾದ (ಒಂದರ ಹಿಂದೆ ಒಂದು ಬರುವ ಜೋಡಿ ತಿರುವು) ಡಿಕ್ಕಿಗಳ ಮೇಲೆ ನಿಮ್ಮ ಸ್ಟೀವರ್ಡ್‌ಗಳು ಕೊಟ್ಟ ತೀರ್ಪುಗಳನ್ನು ಓದಿದೆವು. ಓದಲು ಹೆಚ್ಚೇನೂ ಇರಲಿಲ್ಲ. ಕಾರ್ ನಂಬರ್, ಅದರ ಮುಂದೆ '5 ಸೆಕೆಂಡ್' (ರೇಸ್ ಸಮಯಕ್ಕೆ ಸೇರಿಸುವ ದಂಡ), ಅಷ್ಟೇ. ಯಾವ ಲ್ಯಾಪ್ (ಸುತ್ತು), ಯಾವ ನಿಯಮ, ಯಾರ ವಿಡಿಯೊ ನೋಡಿದಿರಿ, ಒಂದೂ ಇಲ್ಲ. ದಂಡ ಯಾರಿಗೆ ಬಿತ್ತು ಎನ್ನುವುದಕ್ಕೆ ನಾವು ಜಗಳ ತೆಗೆಯುತ್ತಿಲ್ಲ. ಅದು ಸರಿಯೋ ತಪ್ಪೋ ಎಂದು ಯಾರೂ ತಾಳೆ ನೋಡಲಾಗದಂತೆ ನಿಯಮ ಬರೆದಿದ್ದೀರಿ, ತಕರಾರು ಅದು.

'ಪಕ್ಕದಲ್ಲಿ ಕಾರಿದ್ದರೆ ಜಾಗ ಬಿಡಬೇಕು' ಎಂದು ಒಂದು ಸಾಲು ಬರೆದು ಕೈತೊಳೆದುಕೊಂಡಿದ್ದೀರಿ. ಪಕ್ಕ ಎಂದರೆ ಎಷ್ಟು? ಬಂಪರ್ ಹಿಂದಿನ ಚಕ್ರ ಮುಟ್ಟಿದರೆ ಸಾಕೋ, ಬಾಗಿಲಿನವರೆಗೆ ಬರಬೇಕೋ? ಬ್ರೇಕ್ ಹಾಕುವಾಗಲೋ, ಸ್ಟೀರಿಂಗ್ ತಿರುಗಿಸುವಾಗಲೋ? ಫಾರ್ಮುಲಾ 1ಕ್ಕೆ ಎಫ್‌ಐಎ (ಕಾರ್ ರೇಸಿನ ಅಂತರರಾಷ್ಟ್ರೀಯ ಒಕ್ಕೂಟ) ಇಟ್ಟುಕೊಂಡಿರುವ ಮಾರ್ಗಸೂಚಿಯಲ್ಲಿ ಇದಕ್ಕೆ ಅಳತೆ ಇದೆ: ಒಳಗಿನಿಂದ ಹಿಂದಿಕ್ಕುವ ಕಾರಿನ ಮುಂದಿನ ಆಕ್ಸಲ್ (ಚಕ್ರಗಳ ಅಚ್ಚು), ಏಪೆಕ್ಸ್‌ಗೆ (ತಿರುವಿನ ಒಳಅಂಚಿನ ಬಿಂದು) ಮುಂಚೆಯೂ ಏಪೆಕ್ಸ್‌ನಲ್ಲೂ, ಎದುರಾಳಿಯ ಕನ್ನಡಿಯ ಸಾಲಿಗಾದರೂ ಬಂದಿರಬೇಕು. ಜಿಟಿ3 (ರೇಸಿಗೆ ಮಾರ್ಪಡಿಸಿದ ಸ್ಪೋರ್ಟ್ಸ್ ಕಾರು) ಕಾರಿಗೂ ಕನ್ನಡಿ ಇದೆ. ಅದನ್ನೇ ಎತ್ತಿಕೊಳ್ಳಿ, ಹೊಸದಾಗಿ ಕಂಡುಹಿಡಿಯುವುದೇನೂ ಬೇಡ.

ಮೊಂಜಾದ ಆ ಶಿಕೇನ್ ಬಲಕ್ಕೆ ತಿರುಗಿ ಕೂಡಲೇ ಎಡಕ್ಕೆ ಹೊರಳುತ್ತದೆ. ಗಂಟೆಗೆ 250 ಕಿ.ಮೀ. ದಾಟಿದ ವೇಗದಿಂದ ಬಂದು ಕೆಳಗಿನ ಗೇರುಗಳಿಗೆ ಇಳಿಯಬೇಕಾದ ಜಾಗ. ಬಲಬದಿಗೆ ಮೂತಿ ತೂರಿಸಿದವನು ಮೊದಲ ತಿರುವಿನಲ್ಲಿ ಒಳಗಿರುತ್ತಾನೆ, ಎರಡನೆಯದರಲ್ಲಿ ಹೊರಗಾಗುತ್ತಾನೆ. ಆದ್ದರಿಂದ ಇಲ್ಲಿ ಎರಡು ಸಲ ನೋಡಬೇಕು. ಬ್ರೇಕ್ ತಡಮಾಡಿ ಏಪೆಕ್ಸ್ ಹತ್ತಿರ ದಿಢೀರನೆ ಮೂತಿ ತೋರಿಸಿದವನಿಗೆ ಒಳಗೆ ಹಕ್ಕಿಲ್ಲ. ಆದರೆ ಸರಿಯಾಗಿ ಪಕ್ಕಕ್ಕೆ ಬಂದು, ಮೊದಲ ತಿರುವು ಮುಗಿದ ಮೇಲೂ ಜೊತೆಯಲ್ಲೇ ಇದ್ದರೆ, ಎರಡನೆಯದರಲ್ಲಿ ಅವನಿಗೂ ಒಂದು ಕಾರಿನಗಲ ಬಿಡಬೇಕು. ನಿಮ್ಮ ತೀರ್ಪುಗಳು ಎರಡೂ ಬಗೆಯ ಡಿಕ್ಕಿಗೆ ಒಂದೇ ದಂಡ ಬರೆದಿವೆ.

ಇದಕ್ಕಿಂತ ದೊಡ್ಡ ಲೋಪ ಸಾಕ್ಷಿಯದು. ದೂರು ಕೊಟ್ಟವನ ಪರದೆಯ ತುಣುಕು ನೋಡಿ ಮುಗಿಸಿಬಿಡುತ್ತೀರಿ. ಆನ್‌ಲೈನ್ ರೇಸಿನಲ್ಲಿ ಎದುರಾಳಿಯ ಕಾರು ನಿಮ್ಮ ಪರದೆಯಲ್ಲಿ ಕಾಣುವ ಜಾಗ ಬರೀ ಅಂದಾಜು: ಕೊನೆಗೆ ಬಂದ ಮಾಹಿತಿಯ ವೇಗ, ದಿಕ್ಕು ನೋಡಿ ಆಟ ಅದನ್ನು ಮುಂದೆ ಓಡಿಸುತ್ತಿರುತ್ತದೆ. ಸರ್ವರ್ ಯುರೋಪಿನಲ್ಲಿದ್ದು, ಒಬ್ಬನ ಮಾಹಿತಿ ಇನ್ನೊಬ್ಬನಿಗೆ 0.15 ಸೆಕೆಂಡ್ ತಡವಾಗಿ ಬರುತ್ತದೆ ಎಂದಿಟ್ಟುಕೊಳ್ಳಿ. ಮುಂದಿನವನು ಸುಮಾರು 1.5 ಜಿ (ಗುರುತ್ವದ ಒಂದೂವರೆ ಪಟ್ಟು) ಬಲದಲ್ಲಿ ಬ್ರೇಕ್ ಒತ್ತಿದರೆ ಹಿಂದಿನವನ ಪರದೆಯಲ್ಲಿ ಆಗುವ ತಪ್ಪು ಒಂದು ಗೇಣಿನಷ್ಟು. ಇಂಟರ್ನೆಟ್ಟಿನಲ್ಲಿ ಮಾಹಿತಿಯ ಪ್ಯಾಕೆಟ್ ಕಳೆದುಹೋಗಿ ಅರ್ಧ ಸೆಕೆಂಡ್ ತಡವಾದರೆ ಅದೇ ತಪ್ಪು ಸುಮಾರು 2 ಮೀಟರ್. ಹಿಂದಿನವನಿಗೆ ರಸ್ತೆ ಖಾಲಿ ಕಾಣುತ್ತದೆ, ಮುಂದಿನವನಿಗೆ ಬೆನ್ನಿಗೆ ಗುದ್ದು ಬೀಳುತ್ತದೆ, ಇಬ್ಬರೂ ಪ್ರಾಮಾಣಿಕರೇ. ಕನಿಷ್ಠ ಎರಡೂ ಕಾರಿನ ತುಣುಕು ತರಿಸಿ, ಡಿಕ್ಕಿಗೆ ಮುಂಚಿನ 10 ಸೆಕೆಂಡ್ ಸಮೇತ. ನೀವು ಬಳಸುವ ಆಟ ಅಸೆಟ್ಟೊ ಕೊರ್ಸಾ ಕಾಂಪೆಟಿಜಿಯೋನೆಯ ಸರ್ವರ್‌ನಲ್ಲಿ ಪ್ರೇಕ್ಷಕರಿಗೆಂದೇ ಪಾಸ್‌ವರ್ಡ್ ಇಡಬಹುದು. ಆ ಮೂಲಕ ಒಂದು ಕಂಪ್ಯೂಟರ್ ಕೂರಿಸಿ ಪೂರ್ತಿ ರಿಪ್ಲೇ ಉಳಿಸಿದರೆ ಮೂರನೆಯವರ ನೋಟ ಸಿಗುತ್ತದೆ. ಅದೂ ಅಂದಾಜೇ, ಆದರೂ ಯಾರ ಕಡೆಯದೂ ಅಲ್ಲ.

5 ಸೆಕೆಂಡಿನ ಲೆಕ್ಕವೂ ವಿಚಿತ್ರ. ಸರ್ವರ್ ಬರೆದಿಡುವ ಫಲಿತಾಂಶ ಫೈಲಿನಲ್ಲಿ ಯಾರು ಯಾರಿಗೆ ಗುದ್ದಿದರು ಎಂದು ಇರುವುದಿಲ್ಲ, ಆದರೆ ಪ್ರತಿ ಲ್ಯಾಪ್, ಪ್ರತಿ ಸ್ಪ್ಲಿಟ್ (ಸುತ್ತಿನ ಭಾಗವೊಂದರ ಸಮಯ) ಇರುತ್ತದೆ. ಗುದ್ದಿಸಿಕೊಂಡವನ ಆ ಲ್ಯಾಪನ್ನು ಅವನ ಉಳಿದ ಲ್ಯಾಪುಗಳ ಪಕ್ಕ ಇಟ್ಟರೆ ಎಷ್ಟು ಸಮಯ ಕಳೆದುಕೊಂಡ ಎಂದು ಎರಡು ನಿಮಿಷದಲ್ಲಿ ಗೊತ್ತಾಗುತ್ತದೆ. ಅವನು 15 ಸೆಕೆಂಡ್ ಕಳೆದುಕೊಂಡು, ಗುದ್ದಿದವನು 5 ಕೊಟ್ಟು ಮುಂದೆಯೇ ಉಳಿದರೆ, ಗುದ್ದುವುದೇ ಲಾಭ ಎಂದು ಹೊಸಬರು ಕಲಿಯುತ್ತಾರೆ. ಕಲಿಯುತ್ತಲೂ ಇದ್ದಾರೆ.

ಸ್ಥಾನ ಉಳಿಸಿಕೊಳ್ಳಲು ಒಂದು ಸಲಕ್ಕಿಂತ ಹೆಚ್ಚು ದಿಕ್ಕು ಬದಲಿಸಬಾರದು ಎಂದು ಎಫ್‌ಐಎ ಕ್ರೀಡಾ ಸಂಹಿತೆಯ ಅನುಬಂಧ 'ಎಲ್' ಹೇಳುತ್ತದೆ. ನಿಮ್ಮ ಪುಸ್ತಕದಲ್ಲಿ ಅದಿಲ್ಲ. ನೀಲಿ ಬಾವುಟದ (ಒಂದು ಸುತ್ತು ಮುಂದಿರುವ ಕಾರು ಹಿಂದಿನಿಂದ ಬರುತ್ತಿದೆ ಎಂಬ ಸೂಚನೆ) ಬಗ್ಗೆ ಇದೆ, ಆದರೆ 'ಕೂಡಲೇ ದಾರಿ ಬಿಡಿ' ಎಂದು ಬರೆದಿರುವುದರಿಂದ ಲ್ಯಾಪ್ ಹಿಂದಿರುವವರು ತಿರುವಿನ ನಡುವೆಯೇ ಬ್ರೇಕ್ ಒತ್ತುತ್ತಿದ್ದಾರೆ. ಕಾರಿನ ದಾರಿ ಬದಲಿಸದೆ, ನೇರ ರಸ್ತೆಯಲ್ಲಿ ಆಕ್ಸಿಲರೇಟರ್ ಬಿಡಬೇಕು ಎಂದು ತಿದ್ದಿ.

ಇನ್ನು ಕರೆಂಟ್. ತುಮಕೂರಿನಲ್ಲಿ ಮಳೆ ಗಾಳಿ ಶುರುವಾದರೆ ರಾತ್ರಿ 8ರ ರೇಸಿಗೆ ಕರೆಂಟ್ ಇರುತ್ತದೆ ಎಂದು ಯಾರೂ ಭರವಸೆ ಕೊಡಲಾರರು. 600 ವಿಎ ಯುಪಿಎಸ್ ಎಂದರೆ ಸುಮಾರು 360 ವ್ಯಾಟ್. ರೂಟರ್ ಓಡಿಸುತ್ತದೆ, ಗೇಮಿಂಗ್ ಪಿಸಿ ಮತ್ತು ಡೈರೆಕ್ಟ್ ಡ್ರೈವ್ ವೀಲ್ (ಮೋಟಾರಿಗೆ ನೇರ ಜೋಡಿಸಿದ ಸ್ಟೀರಿಂಗ್) ಎರಡನ್ನೂ ಹೊರುವುದಿಲ್ಲ. ಹೀಗೆ ಹೊರಬಿದ್ದವರಿಗೂ, ಸಿಟ್ಟಿನಲ್ಲಿ ಎದ್ದು ಹೋದವರಿಗೂ ನೀವು ಒಂದೇ ಅಂಕ ಕಡಿತ ಹಾಕುತ್ತೀರಿ. ಸರ್ವರ್ ಸೆಟ್ಟಿಂಗ್‌ನ 'ಈಸ್ ರೇಸ್ ಲಾಕ್ಡ್' ಸಾಲಿಗೆ 0 ಕೊಟ್ಟರೆ ರೇಸ್ ನಡುವೆಯೂ ಸರ್ವರ್‌ಗೆ ಸೇರಲು ಬಿಡುತ್ತದೆ. ಹೊರಗಿನವರು ನುಗ್ಗದಂತೆ ಎಂಟ್ರಿ ಲಿಸ್ಟ್ (ಪ್ರವೇಶವಿರುವ ಚಾಲಕರ ಪಟ್ಟಿ) ಕಡ್ಡಾಯ ಮಾಡಿದರೆ ಮುಗಿಯಿತು. ಖರ್ಚಿಲ್ಲದ ಕೆಲಸ.

ಕೇಳುತ್ತಿರುವುದು ಇಷ್ಟು. ಮೊಂಜಾದ ತೀರ್ಪುಗಳನ್ನು ಎರಡೂ ಕಡೆಯ ತುಣುಕು ತರಿಸಿ ಮರುಪರಿಶೀಲಿಸಿ, ಕಾರಣ ಬರೆದು ಪ್ರಕಟಿಸಿ. ಅದೇ ರೇಸಿನಲ್ಲಿ ಓಡಿಸಿದ ಸ್ಟೀವರ್ಡ್ ತನ್ನ ಡಿಕ್ಕಿಯ ವಿಚಾರಣೆಯಲ್ಲಿ ಕೂರಬಾರದು (ಇದನ್ನು ಬರೆದು ಹೇಳಬೇಕಾಗಿ ಬಂದದ್ದೇ ಬೇಸರ). ತಿದ್ದಿದ ನಿಯಮಪುಸ್ತಕ ಮುಂದಿನ ರೇಸಿಗೆ ಮುಂಚೆ ಸದಸ್ಯರ ಕೈ ಸೇರಬೇಕು. ಇ-ಸ್ಪೋರ್ಟ್ ಎಂದರೆ ಮೊದಲೇ ನಿಗದಿಯಾದ ನಿಯಮಗಳಡಿ ನಡೆಯುವ ಸ್ಪರ್ಧೆ ಎಂದು 2025ರ ಆನ್‌ಲೈನ್ ಗೇಮಿಂಗ್ ಕಾಯ್ದೆಯೂ ಹೇಳುತ್ತದೆ.

15 ದಿನಗಳೊಳಗೆ ಲಿಖಿತ ಉತ್ತರ ಬರದಿದ್ದರೆ, ಉಳಿದ ರೇಸುಗಳ ಪ್ರವೇಶ ಶುಲ್ಕ ವಾಪಸ್ ಕೇಳಿ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗುತ್ತೇವೆ. ಶುಲ್ಕ ಕಟ್ಟಿದ ರಸೀದಿ, ನಮ್ಮ ಕಡೆಯ ತುಣುಕುಗಳು ಮತ್ತು ನಿಮ್ಮ ತೀರ್ಪಿನ ಪ್ರತಿ ಲಗತ್ತಿಸಿದ್ದೇವೆ.

ಇಂತಿ,
ಲೀಗಿನ ತುಮಕೂರು ಸದಸ್ಯರು