ಭೂತಗನ್ನಡಿ ಕೊಳ್ಳುವ ಮುನ್ನ

ಎಲ್ಲರಿಗೂ ನಮಸ್ಕಾರ. ಮಂದದೃಷ್ಟಿ ಇರುವವರಿಗಾಗಿ ಕೈಯಲ್ಲಿ ಹಿಡಿಯುವ ಭೂತಗನ್ನಡಿ ಕೊಳ್ಳುವಾಗ ಇರುವುದರಲ್ಲೇ ಅತಿ ಹೆಚ್ಚು ಶಕ್ತಿಯದನ್ನು ತರಬೇಡಿ. ಶಕ್ತಿ ಹೆಚ್ಚಿದಷ್ಟೂ ಮಸೂರ ಚಿಕ್ಕದಾಗುತ್ತದೆ, ಒಂದು ನೋಟಕ್ಕೆ ಸಿಗುವ ಅಕ್ಷರಗಳೂ ಕಡಿಮೆ. 10 ಡಯಾಪ್ಟರ್ (ಮಸೂರದ ಶಕ್ತಿಯ ಅಳತೆ) ಮಸೂರವನ್ನು ಪುಟದಿಂದ ಸುಮಾರು 10 ಸೆಂಟಿಮೀಟರ್ ಎತ್ತರದಲ್ಲಿ ಹಿಡಿಯಬಹುದು. 20 ಡಯಾಪ್ಟರ್‌ನದಾದರೆ 5 ಸೆಂಟಿಮೀಟರ್ ಮಾತ್ರ. ಕೈ ತುಸು ಅಲುಗಿದರೂ ಸಾಲು ತಪ್ಪಿಹೋಗುತ್ತದೆ. ಓದಬೇಕಾದ ಅಕ್ಷರ ಆಯಾಸವಿಲ್ಲದೆ ಕಂಡರೆ ಅಷ್ಟು ಶಕ್ತಿಯೇ ಸಾಕು. ಕೈ ನಡುಗುವವರಿಗೆ ಪುಟದ ಮೇಲೆಯೇ ನಿಲ್ಲುವ ಸ್ಟ್ಯಾಂಡ್ ಮಾದರಿ ಲೇಸು.

ಅಂಗಡಿಗೆ ಹೋಗುವಾಗ ದಿನವೂ ಓದುವ ವಸ್ತುವನ್ನೇ ಒಯ್ಯಿರಿ, ಓದುವವರನ್ನೂ ಕರೆದೊಯ್ಯಿರಿ. ಮಾತ್ರೆಪಟ್ಟಿಯ ಹಿಂಬದಿಯ ಬೆಳ್ಳಿಹಾಳೆಯ ಮೇಲೆ ಭೂತಗನ್ನಡಿಗೇ ಜೋಡಿಸಿದ ಎಲ್‌ಇಡಿ ದೀಪದ ಬೆಳಕು ಬಿದ್ದಾಗ ಹೊಳಪಿನಲ್ಲಿ ಔಷಧದ ಹೆಸರೇ ಅಳಿಸಿಹೋದಂತಾಗುತ್ತದೆ. ಸ್ವಲ್ಪ ಓರೆ ಮಾಡಿದರೆ ಕಾಣುತ್ತದೆಯೇ ಎಂಬುದನ್ನು ಅಲ್ಲೇ ನೋಡಿಬಿಡಿ. ದೀಪದ ಗುಂಡಿ ಬೆರಳಿಗೆ ಸುಲಭವಾಗಿ ಸಿಗಬೇಕು.

ಇನ್ನೊಂದು ಮಾತು: ಮಸೂರವನ್ನೂ ಪುಟವನ್ನೂ ಒಟ್ಟಿಗೆ ಕಣ್ಣಿನ ಹತ್ತಿರಕ್ಕೆ ತನ್ನಿ. ಒಂದೇ ನೋಟಕ್ಕೆ ಹೆಚ್ಚು ಪದಗಳು ಕಾಣುತ್ತವೆ.

ಇತ್ತೀಚೆಗೆ ಕಣ್ಣಿನ ತಪಾಸಣೆ ಆಗಿರದಿದ್ದರೆ ಮೊದಲು ಅದನ್ನು ಮಾಡಿಸಿ.